ಹಾಲಿನ ಸೈಕಲ್ಲಿನ ಹ್ಯಾಂಡಲ್ ಹಾಕಿಕೊಂಡು ಆಗುಂಬೆಗೆ

ಮೊದಲ ಸಲ ಸೈಕಲ್ ತುಳಿದು ಆಗುಂಬೆ ಮುಟ್ಟಿದಾಗ ಚಹಾದ ಲೋಟ ಎತ್ತಲು ಎರಡೂ ಕೈ ಬೇಕಾಯಿತು. ಕಿರುಬೆರಳು, ಉಂಗುರದ ಬೆರಳು ತೀರ್ಥಹಳ್ಳಿಯಲ್ಲೇ ಜೋಮು ಹಿಡಿದಿದ್ದವು. ಬೆಂಗಳೂರಿಗೆ ಮರಳಿದ ಮೇಲೂ ಎರಡು ವಾರ ಅಂಗಿಯ ಗುಂಡಿ ಹಾಕಲು ಪರದಾಡಿದೆ. ಅದು ನೇರ ಹ್ಯಾಂಡಲ್ಲಿನ ಕಾಲ.

ರೇಸ್ ಸೈಕಲ್ಲಿನ ಹಾಗೆ ಕೆಳಕ್ಕೆ ಬಾಗಿದ ಹ್ಯಾಂಡಲ್, ಅಂದರೆ ಡ್ರಾಪ್ ಬಾರ್ ಹಾಕು ಎಂದರು, ಹಾಕಿದೆ. ಅದರ ಕೊಳವೆ 23.8 ಮಿ.ಮೀ., ನನ್ನ ಬ್ರೇಕ್ ಮತ್ತು ಗೇರ್ ಲಿವರುಗಳು 22.2ರವು. ಒಂದೂ ಕೂರಲಿಲ್ಲ. ಹೊಸ ಲಿವರ್, ಕೇಬಲ್, ಟೇಪ್, ಕೂಲಿ ಎಲ್ಲ ಸೇರಿ 9,000 ರೂಪಾಯಿಯ ಆಸುಪಾಸು ಕರಗಿತು. ಕೆಳಗಿನ ಬಾಗನ್ನು ಹಿಡಿದು ಓಡಿಸಿದ್ದು ಹತ್ತು ಕಿಲೋಮೀಟರ್ ಇದ್ದರೆ ಹೆಚ್ಚು. ಹೊಟ್ಟೆ ಅಡ್ಡ ಬರುತ್ತಿತ್ತು. ಅರ್ಧ ಬೆಲೆಗೆ ಮಾರಿದೆ. ಆಮೇಲೆ ಚಿಟ್ಟೆಯ ರೆಕ್ಕೆಯಂತೆ ಸುತ್ತಿ ಬರುವ ಬಟರ್‌ಫ್ಲೈ ಬಾರ್. ಕೈಗೆ ಹಿತ, ಸುಳ್ಳು ಹೇಳಬಾರದು. ಆದರೆ ಮುಂದಿನ ಅಂಚು ಹಿಡಿದಿದ್ದಾಗ ಎಮ್ಮೆಯೊಂದು ಅಡ್ಡ ಬಂತು, ಕೈ ಬ್ರೇಕಿಗೆ ಬರುವಷ್ಟರಲ್ಲಿ ನಾನು ಬೇಲಿಯಲ್ಲಿದ್ದೆ.

ಕೊನೆಗೆ ಕಣ್ಣಿಗೆ ಬಿದ್ದದ್ದು ನಮ್ಮ ಬಡಾವಣೆಯ ಸೈಕಲ್ ಅಂಗಡಿಯಲ್ಲಿ ದೂಳು ಹಿಡಿದು ನೇತಾಡುತ್ತಿದ್ದ, ಹಿಂದಕ್ಕೆ ಬಾಗಿದ ಉಕ್ಕಿನ ಹ್ಯಾಂಡಲ್. 300 ರೂಪಾಯಿಯೂ ಆಗಲಿಲ್ಲ. “ಹಾಲು ಹಾಕುವುದಕ್ಕಾ ಸರ್?” ಎಂದ ಹುಡುಗ. ಜೊತೆಯ ಸವಾರರೂ ನಕ್ಕರು.

ಮೊದಲ ದಿನ ನಗುವಂತೆಯೇ ಇತ್ತು. ಹಿಡಿ ಮಡಿಲಿಗೇ ಬಂದು, ತಿರುವಿನಲ್ಲಿ ಮೊಣಕಾಲಿಗೆ ಬಡಿಯಿತು. ಹ್ಯಾಂಡಲ್ಲನ್ನು ಸೈಕಲ್ಲಿಗೆ ಬಿಗಿದು ಹಿಡಿಯುವ ಸ್ಟೆಮ್ 31.8 ಮಿ.ಮೀ.ನದು, ಹ್ಯಾಂಡಲ್ 25.4ರದು. ತಗಡು ಸುತ್ತಿ ಬಿಗಿದೆ, ಜಾರಿತು. ಹಾಗೆ ಯಾರೂ ಮಾಡಬೇಡಿ. 25.4ರ, 120 ಮಿ.ಮೀ. ಉದ್ದದ ಹಳೆಯ ಸ್ಟೆಮ್ ಹುಡುಕಿ ಹಾಕಿದ ಮೇಲೆ ಕೈ ತನ್ನ ಜಾಗಕ್ಕೆ ಬಂತು. ಎರಡೂ ತುದಿಗಳನ್ನು ಒಂದಂಗುಲ ಕತ್ತರಿಸಿದೆ. ಹಳೆಯ ಲಿವರುಗಳು ತಕರಾರಿಲ್ಲದೆ ಕೂತವು.

ಗ್ರಿಪ್ಪಿನ ಅಡಿಗೆ ಹಳೆಯ ಟ್ಯೂಬ್ ಸುತ್ತಿದೆ, ಬೆವರಿಗೆ ಅಂಗೈ ಕಪ್ಪಾಯಿತು. ತೆಂಗಿನ ಹುರಿ ಸುತ್ತಿದೆ, ಚರ್ಮ ಕಿತ್ತುಬಂತು. ಈಗ ಸುತ್ತಿರುವುದು ಏನೆಂದು ಹೇಳಲಾರೆ, ಅಡುಗೆಮನೆಯದು ಎಂದಷ್ಟೇ ತಿಳಿಯಿರಿ. ತುದಿಗಳನ್ನು ಸ್ವಲ್ಪ ಕೆಳಗೆ ಬಾಗಿಸಿದ್ದೇನೆ. ಎಷ್ಟು ಎಂಬುದನ್ನು ನಿಮ್ಮ ಮಣಿಕಟ್ಟನ್ನೇ ಕೇಳಿ.

ಕಳೆದ ಡಿಸೆಂಬರಿನಲ್ಲಿ ಬೆಂಗಳೂರಿನಿಂದ ಆಗುಂಬೆಗೆ ಮತ್ತೆ ಹೋದೆ, ಸುಮಾರು 350 ಕಿಲೋಮೀಟರ್, ನಾಲ್ಕು ದಿನ. ಎದುರು ಗಾಳಿಗೆ ನಿಧಾನವಾಯಿತು, ಎದ್ದು ನಿಂತು ತುಳಿಯಲು ಈ ಹ್ಯಾಂಡಲ್ ಒಗ್ಗುವುದಿಲ್ಲ. ಆದರೆ ಸೋಮೇಶ್ವರದ ಕಡೆಗೆ ಘಾಟಿಯ ಹದಿನಾಲ್ಕೂ ತಿರುವು ಇಳಿದ ಮೇಲೆ ಒಂದೇ ಕೈಯಲ್ಲಿ ಲೋಟ ಹಿಡಿದು ಚಹಾ ಕುಡಿದೆ. ನಕ್ಕವರಲ್ಲಿ ಇಬ್ಬರು ಈಗ ಅಂಗಡಿಯ ವಿಳಾಸ ಕೇಳುತ್ತಿದ್ದಾರೆ. ಅಲ್ಲಿ ಉಳಿದಿದ್ದ ಇನ್ನೊಂದನ್ನು ನಾನೇ ತಂದಿಟ್ಟುಕೊಂಡಿದ್ದೇನೆ.