ಆಕಾಶಗಂಗೆಯಲ್ಲಿ ಅಯಸ್ಕಾಂತ ಹೊಸೆಯುವುದು ಹೇಗೆ?

ಮಳೆಗಾಲ ಕಳೆದ ಮೇಲೆ, ಅಮಾವಾಸ್ಯೆಯ ಆಸುಪಾಸು, ರಾತ್ರಿ ಎಂಟರ ಹೊತ್ತಿಗೆ ಕಾರವಾರದ ದೀಪಗಳಿಂದ ದೂರ, ದೇವಬಾಗದ ಮರಳಿನ ಮೇಲೆ ನಿಂತು ನೈರುತ್ಯಕ್ಕೆ ನೋಡಿ. ಕಡಲ ಕಡೆಗೆ ಇಳಿದಿರುವ ಮಬ್ಬು ಬೆಳಕಿನ ಪಟ್ಟೆಯೇ ಆಕಾಶಗಂಗೆ. ಅದರ ತುಂಬ ಅಯಸ್ಕಾಂತ ಕ್ಷೇತ್ರವಿದೆ. ಭೂಮಿಯದ್ದಕ್ಕಿಂತ ಸುಮಾರು ಲಕ್ಷ ಪಟ್ಟು ದುರ್ಬಲ. ಆದರೂ ಸಾವಿರಾರು ಜ್ಯೋತಿರ್ವರ್ಷ ಹಬ್ಬಿದೆ. ಇದನ್ನು ಗ್ಯಾಲಕ್ಸಿ ತಾನೇ ಮಾಡಿಕೊಳ್ಳುತ್ತದೆ.

ಮೊದಲು ಬೀಜ ಬೇಕು. ಬಿಸಿ ಅನಿಲದಲ್ಲಿ ಎಲೆಕ್ಟ್ರಾನ್ ಹಗುರ, ಪ್ರೋಟಾನ್ ಭಾರ. ಒತ್ತಡ ಏರುಪೇರಾದ ಕಡೆ ಹಗುರವಾದದ್ದು ಮುಂದೋಡುತ್ತದೆ, ಚೂರು ಕರೆಂಟ್ ಹುಟ್ಟುತ್ತದೆ, ಕರೆಂಟ್ ಹರಿದಲ್ಲಿ ಅಯಸ್ಕಾಂತ ಕ್ಷೇತ್ರವೂ ಹುಟ್ಟುತ್ತದೆ. 1950ರಲ್ಲಿ ಜರ್ಮನ್ ಖಭೌತ ವಿಜ್ಞಾನಿ ಲುಡ್ವಿಗ್ ಬಿಯರ್ಮನ್ ತೋರಿಸಿದ ದಾರಿ ಇದು. ಲೆಕ್ಕ ಹಾಕಿದರೆ ಈ ಬೀಜ ತೀರಾ ಸಣ್ಣದು, ಈಗಿನ ಮಟ್ಟಕ್ಕೆ ಬರಲು ಸುಮಾರು 40-50 ಸಲ ದುಪ್ಪಟ್ಟಾಗಬೇಕು.

ದುಪ್ಪಟ್ಟು ಮಾಡುವುದು ಹೇಗೆ? ನನಗೆ ತುಂಬಾ ಇಷ್ಟವಾದ ಭಾಗ ಇದೇ. ಒಂದು ರಬ್ಬರ್ ಬ್ಯಾಂಡ್ ತಗೊಳ್ಳಿ, ಅದು ಕ್ಷೇತ್ರದ ಒಂದು ಎಳೆ ಅಂದುಕೊಳ್ಳಿ. ಎರಡು ಪಟ್ಟು ಉದ್ದಕ್ಕೆ ಎಳೆಯಿರಿ. ನಡುವೆ ತಿರುಚಿ ಇಂಗ್ಲಿಷಿನ 8ರ ಆಕಾರ ಮಾಡಿ. ಒಂದು ಕುಣಿಕೆಯನ್ನು ಇನ್ನೊಂದರ ಮೇಲೆ ಮಡಚಿ. ಬಳೆ ಮೊದಲಿನಷ್ಟೇ ಅಗಲ, ಆದರೆ ಎಳೆ ಎರಡು, ಎರಡೂ ಒಂದೇ ದಿಕ್ಕಿಗೆ. ಅಂದರೆ ಕ್ಷೇತ್ರ ದುಪ್ಪಟ್ಟಾಯಿತು. ತಿರುಚದೆ ಸುಮ್ನೆ ಮಡಚಿದರೆ ಎಳೆಗಳು ಎದುರುಬದುರಾಗಿ ಒಂದನ್ನೊಂದು ಅಳಿಸಿಬಿಡುತ್ತವೆ. ತೆಂಗಿನ ನಾರಿಗೂ ಹುರಿ ಬೀಳದೆ ಹಗ್ಗವಾಗುವುದಿಲ್ಲ, ಅಲ್ವಾ?

ಆಕಾಶದಲ್ಲಿ ಎಳೆಯುವ ಕೆಲಸ ಗ್ಯಾಲಕ್ಸಿಯ ಸುತ್ತಾಟದ್ದು. ಸೂರ್ಯನಿಗೆ ಒಂದು ಸುತ್ತಿಗೆ 20 ಕೋಟಿ ವರ್ಷಕ್ಕೂ ಜಾಸ್ತಿ ಬೇಕು, ಒಳಗಿನ ಅನಿಲ ಅದಕ್ಕಿಂತ ಬೇಗ ಸುತ್ತುತ್ತದೆ, ಹೊರಗಿನದು ಹಿಂದೆ ಬೀಳುತ್ತದೆ. ಕ್ಷೇತ್ರದ ಎಳೆಗಳು ಅನಿಲಕ್ಕೆ ಅಂಟಿಕೊಂಡೇ ಇರುವುದರಿಂದ ಅವೂ ಉದ್ದವಾಗುತ್ತವೆ. ತಿರುಚುವುದು ಸೂಪರ್‌ನೋವಾಗಳ ಕೆಲಸ. ದೊಡ್ಡ ನಕ್ಷತ್ರ ಸಿಡಿದಾಗ ಅನಿಲ ಮೇಲೆದ್ದು ಹಿಗ್ಗುತ್ತದೆ, ಗ್ಯಾಲಕ್ಸಿ ತಿರುಗುತ್ತಿರುವುದರಿಂದ ಆ ಅನಿಲವೂ ಸುರುಳಿ ಸುತ್ತುತ್ತದೆ. 2021ರಲ್ಲಿ ನಮ್ಮ ಕರಾವಳಿಯ ಪಕ್ಕದಲ್ಲೇ ಹಾದುಹೋದ ತೌಕ್ತೆ ಚಂಡಮಾರುತ ಸುತ್ತಿದ್ದೂ ಭೂಮಿ ತಿರುಗುವುದರಿಂದಲೇ.

ಕ್ಷೇತ್ರ ಹೀಗೇ ಬೆಳೆಯುತ್ತಾ ಹೋಗುವುದಿಲ್ಲ. ಕ್ಷೇತ್ರದ ಶಕ್ತಿ ಅನಿಲದ ಕದಡಾಟದ ಶಕ್ತಿಗೆ ಸರಿಸಮ ಆಗುವ ಹೊತ್ತಿಗೆ ಎಳೆಗಳು ಬಿಗಿಯಾಗಿ ತಿರುಚಲು ಬಿಡುವುದಿಲ್ಲ, ಬೆಳವಣಿಗೆ ಅಲ್ಲಿಗೆ ನಿಲ್ಲುತ್ತದೆ. ಹಾಗೆಂದು ಹೊಸೆಯುವುದನ್ನು ಬಿಟ್ಟರೂ ಆಗದು. ಅದೇ ಕದಡಾಟ ಹಳೆಯ ಎಳೆಗಳನ್ನು ಚದುರಿಸುತ್ತಲೂ ಇರುತ್ತದೆ. ನಮ್ಮ ಗ್ಯಾಲಕ್ಸಿಗೆ ಸಾವಿರ ಕೋಟಿ ವರ್ಷ ದಾಟಿದೆ, ನಕ್ಷತ್ರಗಳು ಇನ್ನೂ ಸಿಡಿಯುತ್ತಿವೆ, ಹೊಸೆತ ಈಗಲೂ ನಡೆದೇ ಇದೆ.