ಅಯ್ಯೋ ಪಾಪ ಎನ್ನಿಸಿಕೊಂಡ ಗೊಂಬೆ

ಮೂರನೆಯ ತರಗತಿಯ ಮೂವತ್ತಾರು ಮಕ್ಕಳು ಒಂದೇ ಉಸಿರಿಗೆ "ಅಯ್ಯೋ ಪಾಪ" ಎಂದದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಅವರು ಹಾಗೆಂದದ್ದು ನನ್ನ ಕೈಯಲ್ಲಿದ್ದ ಕಾಲುಚೀಲದ ಗೊಂಬೆಯನ್ನು ನೋಡಿ. ಗೊಂಬೆಯ ಹೆಸರು ಆಶಾ. ಎರಡು ಜಡೆ, ಕೆಂಪು ರಿಬ್ಬನ್, ರಟ್ಟಿನಲ್ಲಿ ಮಾಡಿದ ಗಾಲಿಕುರ್ಚಿ. "ನನಗೆ ನಡೆಯಲು ಬರುವುದಿಲ್ಲ, ಆದರೂ ದಿನಾ ನಗುನಗುತ್ತ ಶಾಲೆಗೆ ಬರುತ್ತೇನೆ" ಎಂದು ಅವಳ ಬಾಯಿಂದ ಹೇಳಿಸಿದ್ದೆ. ಹಿಂದಿನ ರಾತ್ರಿ ಹನ್ನೊಂದರವರೆಗೆ ಕುಳಿತು ಬರೆದ ಮಾತು ಅದು, ಬರೆದಾಗ ನನಗೇ ಕಣ್ಣು ಒದ್ದೆಯಾಗಿತ್ತು. ಮಕ್ಕಳು ಪಾಪ ಎಂದು ಸುಮ್ಮನಾಗಲಿಲ್ಲ. ಎಲ್ಲರ ಕತ್ತೂ ಒಟ್ಟಿಗೆ ಮೂರನೆಯ ಸಾಲಿನ ತುದಿಗೆ ತಿರುಗಿತು. ಅಲ್ಲಿ ನಿಜವಾದ ಗಾಲಿಕುರ್ಚಿಯಲ್ಲಿ ಕುಳಿತಿದ್ದ ಹುಡುಗಿ ಡೆಸ್ಕಿನ ಮೇಲೆ ತಲೆಯಿಟ್ಟುಬಿಟ್ಟಳು.

ಆ ಗೊಂಬೆಯನ್ನು ನಾನು ಮಾಡಿದ್ದೇ ಅವಳಿಗಾಗಿ.

ನಾನು ತಾಲ್ಲೂಕಿನ ಸಂಪನ್ಮೂಲ ಶಿಕ್ಷಕಿ. ಇಲಾಖೆಯ ಭಾಷೆಯಲ್ಲಿ ಬಿ.ಐ.ಇ.ಆರ್.ಟಿ. ಅಂಗವಿಕಲ ಮಕ್ಕಳು ಊರಿನ ಸಾಮಾನ್ಯ ಶಾಲೆಯಲ್ಲೇ ಕಲಿಯುವಂತೆ ನೋಡಿಕೊಳ್ಳುವುದು, ಶಾಲೆಗೆ ಬರಲಾಗದವರ ಮನೆಗೆ ಹೋಗಿ ಪಾಠ ಹೇಳುವುದು ನನ್ನ ಕೆಲಸ. (ಕಡತದಲ್ಲಿ ಈಗ "ವಿಕಲಚೇತನ" ಎಂದು ಬರೆಯುತ್ತೇವೆ. ಕೈಕಾಲು ಸ್ವಾಧೀನದಲ್ಲಿಲ್ಲದವರ ಚೇತನಕ್ಕೇ ವಿಕಲ ಅಂಟಿಸುವ ಆ ಪದ ನನಗೆ ಇವತ್ತಿಗೂ ಒಗ್ಗಿಲ್ಲ. ಅದು ಬೇರೆಯೇ ಜಗಳ.) ಈ ಹುಡುಗಿಗೆ ಸೆರೆಬ್ರಲ್ ಪಾಲ್ಸಿ, ಮಿದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗದ ಸ್ಥಿತಿ. ಎರಡು ವರ್ಷ ಗೃಹಾಧಾರಿತ ಶಿಕ್ಷಣ ಮುಗಿಸಿ ಆ ವರ್ಷವಷ್ಟೇ ತರಗತಿಗೆ ಬಂದಿದ್ದಳು. ಲೆಕ್ಕದಲ್ಲಿ ಚುರುಕು, ಮಾತು ನಿಧಾನ. ಮಕ್ಕಳು ಅವಳನ್ನು ಹಂಗಿಸುತ್ತಿರಲಿಲ್ಲ. ಅವಳ ಹತ್ತಿರ ಹೋಗುತ್ತಲೂ ಇರಲಿಲ್ಲ. ಗೊಂಬೆಯಿಂದ ಅದನ್ನು ಸರಿಮಾಡಲು ಹೋಗಿ ಇದ್ದದ್ದನ್ನೂ ಕೆಡಿಸಿದ್ದೆ.

ಮನೆಗೆ ಬಂದು ಯೋಚಿಸಿದಾಗ ಹೊಳೆಯಿತು: ನಾನು ಮಗುವಾಗಿದ್ದಾಗ ಟೀವಿಯಲ್ಲಿ ಅಂಗವಿಕಲರನ್ನು ನೋಡಿದ್ದೇ ಎರಡು ಬಗೆಯಲ್ಲಿ. ಒಂದು ಕಣ್ಣೀರು, ಇನ್ನೊಂದು ಕೇಡು. ದೂರದರ್ಶನದಲ್ಲಿ 1988ರಿಂದ 1990ರವರೆಗೆ ಭಾನುವಾರ ಬೆಳಿಗ್ಗೆ ಮಹಾಭಾರತ ಬರುತ್ತಿತ್ತಲ್ಲ, ಅದರ ಶಕುನಿ ನಮಗೆಲ್ಲ ಅಚ್ಚುಮೆಚ್ಚು. ಸೋಮವಾರ ಶಾಲೆಯ ಅಂಗಳದಲ್ಲಿ ಒಂದು ಕಣ್ಣು ಕಿರಿದು ಮಾಡಿ, ಕಾಲೆಳೆದುಕೊಂಡು, ಅಂಗೈಯಲ್ಲಿ ಕಲ್ಲು ಉಜ್ಜುತ್ತ, ಹಿಂದಿಯಲ್ಲಿ ಸೋದರಳಿಯನನ್ನು ಕರೆಯುವಂತೆ "ಭಾಂಜೇ" ಎನ್ನುವುದು ನಮ್ಮ ಆಟ. ನಾನು ಚೆನ್ನಾಗಿಯೇ ಕುಂಟುತ್ತಿದ್ದೆ. ನಮ್ಮ ಜೊತೆಯಲ್ಲೇ ಪೋಲಿಯೊ ಆಗಿದ್ದ ಹುಡುಗನೊಬ್ಬ ಓದುತ್ತಿದ್ದ. ಅವನಿಗೆ ನಟಿಸುವ ಅಗತ್ಯವಿರಲಿಲ್ಲ. ಆಟಕ್ಕೆ ಅವನನ್ನು ಕರೆದರೆ ಶಕುನಿ ಮಾಡಲು ಮಾತ್ರ ಕರೆಯುತ್ತಿದ್ದೆವು. ಅವನು ಬರುತ್ತಲೂ ಇದ್ದ, ಬೇರೆ ಪಾತ್ರವೇ ಸಿಗುತ್ತಿರಲಿಲ್ಲವಲ್ಲ.

ಬೇರೆ ಪಾತ್ರ ಹೇಗಿರಬಹುದು ಎಂದು ಹುಡುಕುತ್ತ ಹಳೆಯ ಅಮೆರಿಕನ್ ಮಕ್ಕಳ ಕಾರ್ಯಕ್ರಮಗಳ ತುಣುಕುಗಳಿಗೆ ಬಂದೆ. ಮೊದಲು ಸಿಕ್ಕಿದ್ದು ಮಿಸ್ಟರ್ ರಾಜರ್ಸ್ ನೆಬರ್‌ಹುಡ್‌ನ 1981ರ ಒಂದು ಸಂಚಿಕೆ. ಜೆಫ್ ಅರ್ಲಾಂಗರ್ ಎಂಬ ಹತ್ತು ವರ್ಷದ ಹುಡುಗ ವಿದ್ಯುತ್ ಗಾಲಿಕುರ್ಚಿಯಲ್ಲಿ ಬರುತ್ತಾನೆ. ಕಾರ್ಯಕ್ರಮ ನಡೆಸುವ ಫ್ರೆಡ್ ರಾಜರ್ಸ್ ಅವನನ್ನು ಬದುಕಿನ ಬಗ್ಗೆ ಕೇಳುವುದಕ್ಕೆ ಮೊದಲು ಕುರ್ಚಿಯ ಬಗ್ಗೆ ಕೇಳುತ್ತಾರೆ, ಇದನ್ನು ಹೇಗೆ ನಡೆಸುತ್ತೀಯ ಎಂದು. ಹುಡುಗ ತೋರಿಸುತ್ತಾನೆ. ಆಮೇಲೆ ತನಗೆ ಎಳವೆಯಲ್ಲಿ ಗೆಡ್ಡೆಯಾದದ್ದು, ಅದು ನರಗಳಿಗೆ ಏನು ಮಾಡಿತು ಎಂಬುದು, ಶಸ್ತ್ರಚಿಕಿತ್ಸೆ, ಎಲ್ಲವನ್ನೂ ಸೈಕಲ್ ರಿಪೇರಿಯವನು ಚೈನಿನ ಬಗ್ಗೆ ಹೇಳುವಷ್ಟು ನಿರಾಳವಾಗಿ ಹೇಳುತ್ತಾನೆ. ಕೊನೆಗೆ ಇಬ್ಬರೂ ಸೇರಿ ಒಂದು ಹಾಡು. ಬರೆದುಕೊಟ್ಟ ಸಂಭಾಷಣೆಯಿರಲಿಲ್ಲ, ಒಂದೇ ಸಲಕ್ಕೆ ಚಿತ್ರೀಕರಿಸಿದ್ದು. ರಾಜರ್ಸ್ ಆ ಹುಡುಗನನ್ನು ಐದು ವರ್ಷ ಮುಂಚೆ ಒಮ್ಮೆ ಭೇಟಿಯಾಗಿದ್ದರು. ಅವನಿದ್ದದ್ದು ವಿಸ್ಕಾನ್ಸಿನ್‌ನ ಮ್ಯಾಡಿಸನ್‌ನಲ್ಲಿ, ಕಾರ್ಯಕ್ರಮ ತಯಾರಾಗುತ್ತಿದ್ದದ್ದು ಪಿಟ್ಸ್‌ಬರ್ಗ್‌ನಲ್ಲಿ. ಖರ್ಚು ಉಳಿಸಲು ಹತ್ತಿರದಲ್ಲೇ ಗಾಲಿಕುರ್ಚಿಯ ಬೇರೊಂದು ಮಗುವನ್ನು ಹುಡುಕೋಣ ಎಂದವರಿದ್ದರು. ರಾಜರ್ಸ್ ಒಪ್ಪಲಿಲ್ಲ. ಅವರಿಗೆ ಬೇಕಾಗಿದ್ದದ್ದು ಜೆಫ್, ಗಾಲಿಕುರ್ಚಿಯ ಮಗುವಲ್ಲ.

ನಾನು ಆ ತುಣುಕನ್ನು ಏಳೆಂಟು ಸಲ ನೋಡಿರಬೇಕು. ನನ್ನ ಆಶಾ ಒಂದು ಸಲವೂ ತನ್ನ ಕುರ್ಚಿಯ ಬಗ್ಗೆ ಮಾತಾಡಿರಲಿಲ್ಲ. ಅದನ್ನು ಬರಿಯ ದುಃಖದ ಗುರುತಾಗಿ ಅವಳ ಕೆಳಗೆ ಇಟ್ಟಿದ್ದೆ.

ಎರಡನೆಯದು ಸೆಸಮಿ ಸ್ಟ್ರೀಟ್. ಈ ಕಾರ್ಯಕ್ರಮ 1969ರಲ್ಲಿ ಶುರುವಾಯಿತು, ಕಿವುಡ ಕಲಾವಿದೆ ಲಿಂಡಾ ಬೋವ್ ಅದರಲ್ಲಿ ಮೊದಲು ಕಾಣಿಸಿಕೊಂಡದ್ದು 1971ರಲ್ಲಿ. ಮುಂದೆ ಆ ಬೀದಿಯ ಕಾಯಂ ನಿವಾಸಿಯಾಗಿ ಹೊಸ ಶತಮಾನದವರೆಗೂ ಇದ್ದರು. ಪಾತ್ರದ ಹೆಸರೂ ಲಿಂಡಾ, ಕೆಲಸ ಗ್ರಂಥಪಾಲಕಿ. ಬಾರ್ಕ್ಲಿ ಎಂಬ ದೊಡ್ಡ ರೋಮದ ನಾಯಿಯಿದೆ, ಬಾಬ್ ಎಂಬ ಸಂಗೀತದ ಮೇಷ್ಟ್ರ ಜೊತೆ ಪ್ರೀತಿಯಿದೆ. ಅದೇ ಕಾರ್ಯಕ್ರಮದ ಬರಹಗಾರ್ತಿ ಎಮಿಲಿ ಪರ್ಲ್ ಕಿಂಗ್‌ಸ್ಲಿಗೆ 1974ರಲ್ಲಿ ಡೌನ್ ಸಿಂಡ್ರೋಮ್ (ಹುಟ್ಟಿನಿಂದಲೇ ಬರುವ, ಬೆಳವಣಿಗೆ ಮತ್ತು ಕಲಿಕೆ ನಿಧಾನವಾಗುವ ಸ್ಥಿತಿ) ಇರುವ ಮಗ ಹುಟ್ಟಿದ. ಮಗುವನ್ನು ಅಂಥವರನ್ನು ಇರಿಸಿಕೊಳ್ಳುವ ಸಂಸ್ಥೆಗೆ ಬಿಟ್ಟುಬಿಡಿ ಎಂದು ವೈದ್ಯರು ಹೇಳಿದ್ದರಂತೆ. ಅವಳು ಮನೆಗೆ ಕರೆತಂದಳು, ಆಮೇಲೆ ಆ ಬೀದಿಗೂ ಕರೆತಂದಳು. ಜೇಸನ್ ಎಂಬ ಆ ಮಗು ಅಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡ, 1994ರಲ್ಲಿ ಗೆಳೆಯನೊಡನೆ ಸೇರಿ ಪುಸ್ತಕವನ್ನೂ ಪ್ರಕಟಿಸಿದ. ಎಲುಬು ಸುಲಭವಾಗಿ ಮುರಿಯುವ ಕಾಯಿಲೆಯಿದ್ದ ತಾರಾ ಶೇಫರ್ ಎಂಬ ಹುಡುಗಿ 1993ರಿಂದ ತನ್ನ ಗಾಲಿಕುರ್ಚಿಯಲ್ಲಿ ಅದೇ ಬೀದಿಯಲ್ಲಿ ಓಡಾಡಿದಳು.

ಇದನ್ನೆಲ್ಲ ನಮ್ಮ ಮಕ್ಕಳಿಗೆ ತೋರಿಸುವುದು ಹೇಗೆ? ಅಲ್ಲಿನ ಇಂಗ್ಲಿಷ್ ಅವರಿಗೆ ತಲೆಬುಡ ತಿಳಿಯುವುದಿಲ್ಲ. ಡಬ್ ಮಾಡಲು ನನಗೆ ಬರುವುದಿಲ್ಲ. ಹಾಗಾಗಿ ಲಿಂಡಾಳ ದೃಶ್ಯಗಳಿಂದಲೇ ಶುರುಮಾಡಿದೆ, ಧ್ವನಿಯನ್ನು ಪೂರ್ತಿ ಬಂದ್ ಮಾಡಿ. ಶಾಲೆಯ ಟೀವಿಯಲ್ಲಿ ಎರಡು ನಿಮಿಷದ ತುಣುಕು: ಲಿಂಡಾ ಮತ್ತು ಬಾಬ್ ಕೈಸನ್ನೆಯಲ್ಲಿ ಮಾತಾಡುತ್ತಾರೆ, ನಗುತ್ತಾರೆ. ನೋಡಿದ ಮೇಲೆ ಒಂದೇ ಪ್ರಶ್ನೆ ಕೇಳಿದೆ. "ಇವರಿಬ್ಬರಲ್ಲಿ ಕಿವಿ ಕೇಳಿಸದವರು ಯಾರು?"

ತರಗತಿ ಇಬ್ಭಾಗವಾಯಿತು. ಆ ಗಂಡಸು ಎಂದವರೇ ಹೆಚ್ಚು. ಏಕೆಂದು ಕೇಳಿದರೆ "ಅವನ ಕೈ ತಡವರಿಸುತ್ತದೆ ಮಿಸ್, ಅವಳದು ಸರಸರ ಹೋಗುತ್ತದೆ" ಎಂದ ಒಬ್ಬ. ನಾನು ನಿರೀಕ್ಷಿಸಿದ್ದ ಉತ್ತರ ಅದಲ್ಲ, ಅದಕ್ಕಿಂತ ಒಳ್ಳೆಯದು. ಸದ್ದಿಲ್ಲದ ಕಡೆ ಬಾಬನೇ ಕಷ್ಟಪಡುವವನು ಎಂದು ಒಂಬತ್ತು ವರ್ಷದ ಹುಡುಗ ಕಂಡುಕೊಂಡಿದ್ದ. ಆ ಮಧ್ಯಾಹ್ನ ಊಟದ ಸಾಲಿನಲ್ಲಿ ಸಾಂಬಾರಿಗೆ, ಮೊಟ್ಟೆಗೆ, ಹೆಡ್ ಮಾಸ್ತರರ ಮೀಸೆಗೆ ಎಲ್ಲದಕ್ಕೂ ಸನ್ನೆಗಳು ಹುಟ್ಟಿಕೊಂಡಿದ್ದವು. ಯಾರ ಬಾಯಿಂದಲೂ ಪಾಪ ಬರಲಿಲ್ಲ.

ತುಣುಕು ಮೂರು ನಿಮಿಷ ಮೀರಬಾರದು ಎಂಬುದನ್ನು ಆಗಲೇ ಕಲಿತೆ. ಒಮ್ಮೆ ಹದಿನೈದು ನಿಮಿಷದ್ದು ತೋರಿಸಿ, ನಡುನಡುವೆ ನಿಲ್ಲಿಸಿ ಕನ್ನಡದಲ್ಲಿ ವಿವರಿಸಿದೆ. ಹಿಂದಿನ ಬೆಂಚಿನಲ್ಲಿ ಗೋಲಿಯಾಟ ಶುರುವಾಗಿತ್ತು.

ಇನ್ನು ಗೊಂಬೆಯ ರಿಪೇರಿ. ಇದಕ್ಕೆ ದಾರಿ ತೋರಿಸಿದ್ದು ಟೀವಿಯಲ್ಲ. ಅಮೆರಿಕದಲ್ಲಿ 1975ರ ಕಾನೂನು ಅಂಗವಿಕಲ ಮಕ್ಕಳಿಗೆ ಸಾರ್ವಜನಿಕ ಶಾಲೆಗಳ ಬಾಗಿಲು ತೆರೆದಾಗ, ಅಲ್ಲಿನವರಿಗೂ ನನ್ನ ಮೂರನೆಯ ತರಗತಿಯ ತೊಂದರೆಯೇ ಎದುರಾಯಿತು. ಬಾರ್ಬರಾ ಅಯೆಲ್ಲೊ ಎಂಬ ಶಿಕ್ಷಕಿ 1977ರಲ್ಲಿ ಕಿಡ್ಸ್ ಆನ್ ದಿ ಬ್ಲಾಕ್ ಎಂಬ ಗೊಂಬೆ ತಂಡ ಕಟ್ಟಿದಳು. ಮಗುವಿನಷ್ಟೇ ದೊಡ್ಡ ಗೊಂಬೆಗಳು. ಆಟ ಮುಗಿದ ಮೇಲೆ ಮಕ್ಕಳು ಗೊಂಬೆಯನ್ನೇ ಪ್ರಶ್ನೆ ಕೇಳಬೇಕು, ಏನು ಬೇಕಾದರೂ ಕೇಳಬಹುದು. ಸಹಪಾಠಿಯನ್ನು ಕೇಳಲು ನಾಚಿಕೆಪಡುವುದನ್ನು ಗೊಂಬೆಯನ್ನು ಕೇಳಲು ಯಾರೂ ನಾಚುವುದಿಲ್ಲ.

ನಾನು ಆಶಾಳನ್ನು ಬಿಚ್ಚಿದೆ. ರಿಬ್ಬನ್ ತೆಗೆದೆ, ಜಡೆ ಕತ್ತರಿಸಿ ಕೆದರಿದ ಕೂದಲು ಅಂಟಿಸಿದೆ. ಆದರ್ಶದ ಹೆಸರೂ ಹೋಯಿತು, ಈಗ ಅವಳು ಗಂಗಿ. ಗಂಗಿ ಸುಳ್ಳು ಹೇಳುತ್ತಾಳೆ, ಹೋಂವರ್ಕ್ ಮಾಡುವುದಿಲ್ಲ, ಪಕ್ಕದವರ ಪೆನ್ಸಿಲ್ ಕದ್ದು ಕುರ್ಚಿಯ ಸಂದಿಯಲ್ಲಿ ಬಚ್ಚಿಡುತ್ತಾಳೆ. ನಮ್ಮ ತೊಗಲುಗೊಂಬೆಯ ಕಿಳ್ಳೇಕ್ಯಾತನಿಂದ ಅಷ್ಟಿಷ್ಟು ತುಂಟತನ ಸಾಲ ತಂದೆ. ಅವನು ರಾಮಾಯಣದ ನಡುವೆಯೇ ನುಗ್ಗಿ ತಲೆಹರಟೆ ಮಾಡುವವನಲ್ಲವೆ! ಇನ್ನೊಂದು ಬದಲಾವಣೆಯೂ ಮಾಡಿದೆ. ಗಂಗಿಯನ್ನು ಮೊದಲು ಬೇರೆ ಊರಿನ, ಗಾಲಿಕುರ್ಚಿಯ ಮಗು ಇಲ್ಲದ ಶಾಲೆಗೆ ಒಯ್ದೆ. ಹುಡುಗಿಯ ಶಾಲೆಗೆ ಆಡಿಸಲು ಹೋದಾಗ ನನ್ನ ಕೈಯಲ್ಲಿದ್ದದ್ದು ಕಿವಿ ಮಿಷನ್ ಹಾಕಿಕೊಂಡ ಇನ್ನೊಂದು ಗೊಂಬೆ. ಕತ್ತುಗಳು ತಿರುಗಲು ಮೂರನೆಯ ಸಾಲಿನ ತುದಿಯಲ್ಲಿ ಈಗ ಕಾರಣವಿರಲಿಲ್ಲ.

ಗಂಗಿಗೆ ಮಕ್ಕಳು ಕೇಳಿದ ಪ್ರಶ್ನೆಗಳನ್ನು ಬರೆದಿಟ್ಟುಕೊಂಡಿದ್ದೇನೆ. ಶೌಚಾಲಯಕ್ಕೆ ಹೇಗೆ ಹೋಗುತ್ತೀಯ? ರಾತ್ರಿ ಕುರ್ಚಿಯಲ್ಲೇ ಮಲಗುತ್ತೀಯಾ? ಇದು ಅಂಟುರೋಗವಾ? ನಿನ್ನನ್ನು ಹೊಡೆದರೆ ತಪ್ಪಿಸಿಕೊಂಡು ಓಡುವುದು ಹೇಗೆ? ಎಲ್ಲ ಶಾಲೆಯಲ್ಲೂ ತಪ್ಪದೆ ಬಂದ ಪ್ರಶ್ನೆ ಒಂದೇ: ಕೊನೆಗೆ ನೀನು ನಡೆಯುತ್ತೀಯಾ?

ಈ ಪ್ರಶ್ನೆಯ ತವರು ಎಲ್ಲಿ ಎಂದು ನನಗೆ ಗೊತ್ತು. ಹೈದಿ ಎಂಬ ಮಕ್ಕಳ ಕತೆಯಲ್ಲಿ ಗಾಲಿಕುರ್ಚಿಯ ಹುಡುಗಿ ಕ್ಲಾರಾ ಆಲ್ಪ್ಸ್ ಬೆಟ್ಟದ ಗಾಳಿ ಕುಡಿದು ಕೊನೆಗೆ ಎದ್ದು ನಿಲ್ಲುತ್ತಾಳೆ. 1974ರ ಜಪಾನಿ ಕಾರ್ಟೂನ್ ಸರಣಿಯಲ್ಲೂ ಕಣ್ಣೀರು ತರಿಸುವ ಘಟ್ಟ ಅದೇ. ನಮ್ಮ ಸಿನಿಮಾಗಳಲ್ಲಿ ದೇವರ ಗುಡಿಯ ಗಂಟೆ ಹೊಡೆದುಕೊಂಡರೆ ಸಾಕು, ಕುಂಟರು ಓಡುತ್ತಾರೆ. ಅಂಥ ಕತೆಯಲ್ಲಿ ಕುರ್ಚಿ ಬಿಡುವುದೇ ಸುಖಾಂತ್ಯ. ಬಿಡಲಾಗದ ಮಗು ನೋಡುತ್ತ ಕುಳಿತಿದ್ದರೆ ಅವಳ ಪಾಲಿಗೆ ಏನು ಉಳಿಯಿತು? ನನ್ನ ಗಂಗಿ "ಇಲ್ಲ, ನಡೆಯುವುದಿಲ್ಲ. ಆದರೆ ಇಳಿಜಾರಿನಲ್ಲಿ ನಿಮ್ಮೆಲ್ಲರಿಗಿಂತ ಮುಂದೆ ಹೋಗುತ್ತೇನೆ" ಎನ್ನುತ್ತಾಳೆ. ಮೊದಲ ಸಲ ಹೀಗೆಂದಾಗ ಒಬ್ಬ ಹುಡುಗ ಬೇಸರದಿಂದ "ಹಾಗಾದರೆ ಕತೆ ಮುಗಿದೇ ಇಲ್ಲ" ಎಂದ.

ಗೊಂಬೆಯ ಕೈಗಳ ವಿಷಯದಲ್ಲಿ ಜೂಲಿಯಾಳಿಂದ ಕಲಿತೆ. ಸೆಸಮಿ ಸ್ಟ್ರೀಟ್ ಆಟಿಸಂ (ಇತರರೊಡನೆ ಬೆರೆಯುವ, ಮಾತಾಡುವ ರೀತಿಯೇ ಬೇರೆಯಾಗಿರುವ ಸ್ಥಿತಿ) ಇರುವ ಈ ಪುಟ್ಟ ಗೊಂಬೆಯನ್ನು 2017ರ ಏಪ್ರಿಲ್‌ನಲ್ಲಿ ಟೀವಿಗೆ ತಂದಿತು. ಬಿಗ್ ಬರ್ಡ್ ಎಂಬ ದೊಡ್ಡ ಹಕ್ಕಿಗೊಂಬೆ ಮಾತಾಡಿಸಿದರೆ ಅವಳು ತಲೆಯೆತ್ತದೆ ಬಣ್ಣ ಬಳಿಯುತ್ತಿರುತ್ತಾಳೆ. ನಾನು ಇವಳಿಗೆ ಇಷ್ಟವಿಲ್ಲವೇನೋ ಎಂದು ಬಿಗ್ ಬರ್ಡ್ ಮುಖ ಸಪ್ಪೆ ಮಾಡುತ್ತದೆ. ಆಮೇಲೆ ಮುಟ್ಟಾಟ ನಡೆಯುವಾಗ ಜೂಲಿಯಾ ಖುಷಿಗೆ ಕುಪ್ಪಳಿಸುತ್ತಾಳೆ, ಉಳಿದವರೂ ಕುಪ್ಪಳಿಸುತ್ತಾರೆ, ಆಟ ಕುಪ್ಪಳಿಸುವ ಮುಟ್ಟಾಟವಾಗುತ್ತದೆ. ಆಡಿಸಿದ ಸ್ಟೇಸಿ ಗಾರ್ಡನ್ ಸ್ವತಃ ಆಟಿಸಂ ಇರುವ ಮಗನ ತಾಯಿ. ಗೊಂಬೆಗೆ ಎರಡು ಜೊತೆ ಕೈಗಳಿವೆ, ಮಾಮೂಲಿ ಕೆಲಸಕ್ಕೆ ಒಂದು ಜೊತೆ, ಉದ್ವೇಗವಾದಾಗ ಪಟಪಟನೆ ಬಡಿಯುವುದಕ್ಕೆ ಇನ್ನೊಂದು. ಅದನ್ನು ತಿಳಿದ ಮೇಲೆ ಗಂಗಿಯ ಎಡಗೈಗೆ ಬೈಂಡಿಂಗ್ ತಂತಿ ಸೇರಿಸಿದೆ. ಈಗ ಅವಳು ತನ್ನ ಚಕ್ರವನ್ನು ತಾನೇ ದೂಡುತ್ತಾಳೆ. ಮೊದಲು ಅವಳನ್ನು ನಾನೇ ತಳ್ಳುತ್ತಿದ್ದೆ, ಅದು ತಪ್ಪೆಂದು ತೋರಿರಲೂ ಇಲ್ಲ.

ಜೂಲಿಯಾಳ ಕತೆಯಲ್ಲೂ ಹುಳಿ ಹಿಂಡಿದ್ದುಂಟು. ಅವಳನ್ನು ರೂಪಿಸುವಾಗ ಸಲಹೆ ಕೊಟ್ಟಿದ್ದ ಆಟಿಸಂ ಇರುವವರದೇ ಸಂಘಟನೆಯೊಂದು 2019ರಲ್ಲಿ ಸಂಬಂಧ ಕಡಿದುಕೊಂಡಿತು. ಆಟಿಸಂ ಎಂದರೆ ದುರಂತ ಎಂಬಂತೆ ಮಾತಾಡುವವರ ಪ್ರಚಾರಕ್ಕೆ ಈ ಗೊಂಬೆಯನ್ನು ಬಳಸಿದ್ದು ಅವರ ಆಕ್ಷೇಪ. ಅದನ್ನು ಓದಿದಾಗ ನನಗೆ ಡೆಸ್ಕಿನ ಮೇಲೆ ತಲೆಯಿಟ್ಟ ಹುಡುಗಿಯೇ ನೆನಪಾದಳು. ಆಶಾಳನ್ನು ಮಾಡುವ ಮೊದಲು ಅವಳನ್ನು ಒಂದು ಮಾತು ಕೇಳಿರಲಿಲ್ಲ.

ಈ ಸಲ ಕೇಳಿದೆ. ಅವರ ಮನೆಯ ಜಗಲಿಯಲ್ಲಿ ಕುಳಿತು ಫೋನಿನಲ್ಲಿ ಜೆಫ್‌ನ ತುಣುಕು ತೋರಿಸಿದೆ. ಅವಳ ತಾಯಿ "ಬೇಡ ಮೇಡಂ, ಮತ್ತೆ ಎಲ್ಲರೂ ನೋಡಿ ಮರುಗುತ್ತಾರೆ" ಎಂದರು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಹುಡುಗಿ ಮಾತ್ರ ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಅವನದು ಬ್ಯಾಟರಿಯದು" ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ನಾನೂ ತೋರಿಸುತ್ತೇನೆ. ಆದರೆ ಯಾರೂ ಮುಟ್ಟಬಾರದು. ನೀವೂ" ಎಂದಳು.

ಒಂದು ಶನಿವಾರ ಬೆಳಿಗ್ಗೆ ತೋರಿಸಿದಳು. ನಾನು ಬಾಗಿಲ ಹತ್ತಿರ ನಿಂತಿದ್ದೆ. ಒಂದು ವಾಕ್ಯಕ್ಕೆ ಅರ್ಧ ನಿಮಿಷ ಹಿಡಿಯುತ್ತಿತ್ತು, ನಡುವೆ ಬಾಯಿ ಹಾಕಬೇಕೆಂದು ನನ್ನ ನಾಲಿಗೆ ತುರಿಸುತ್ತಿತ್ತು. ಇದು ಬ್ರೇಕ್, ಇದು ಕಾಲಿಡುವ ಪಟ್ಟಿ, ಇದು ಕಳಚುತ್ತದೆ, ಮಳೆಗಾಲದಲ್ಲಿ ಮಣ್ಣು ಕೂತರೆ ಇಲ್ಲಿ ಕಡ್ಡಿಯಿಂದ ತೆಗೆಯಬೇಕು. ಮಕ್ಕಳಿಗೆ ಕಾಯುವುದು ನನ್ನಷ್ಟು ಕಷ್ಟವಾಗಲಿಲ್ಲ. ಲಿಂಡಾಳ ಕೈ ನೋಡಿದ್ದ ಹುಡುಗ ಮುಂದೆ ಬಂದು "ಗಾಲಿ ಪಂಕ್ಚರ್ ಆಗುತ್ತದಾ?" ಎಂದು ಕೇಳಿದ. "ಇದು ಗಟ್ಟಿ ರಬ್ಬರು" ಎಂದಳು, ಸ್ವಲ್ಪ ಜಂಬದಿಂದಲೇ.

ಎಲ್ಲ ಮುಗಿದ ಮೇಲೆ ನನ್ನ ಚೀಲದಲ್ಲಿದ್ದ ಗಂಗಿಯನ್ನು ನೋಡಲು ಕೇಳಿದಳು. ಪಾಪ ಎನ್ನಿಸಿಕೊಂಡ ದಿನದ ನಂತರ ಮೊದಲ ಸಲ. ಗೊಂಬೆಯ ಮುಖದ ಕಡೆ ನೋಡಲೇ ಇಲ್ಲ, ಕುರ್ಚಿಯನ್ನು ತಿರುಗಿಸಿ ಮುರುಗಿಸಿ ನೋಡಿದಳು. "ಬ್ರೇಕೇ ಇಲ್ಲವಲ್ಲ ಮಿಸ್. ಇಳಿಜಾರಿನಲ್ಲಿ ಬಿಟ್ಟರೆ ಇವಳ ಹಲ್ಲು ಉದುರುತ್ತದೆ."

ಆ ಸಂಜೆ ಬಟ್ಟೆ ಒಣಹಾಕುವ ಕ್ಲಿಪ್ಪೊಂದನ್ನು ಚಕ್ರದ ಪಕ್ಕಕ್ಕೆ ಕಟ್ಟಿದೆ. ಸೋಮವಾರ ಒಯ್ದು ತೋರಿಸಿದಾಗ ಅವಳು ಒತ್ತಿ ನೋಡಿ, ಎರಡೂ ಕಡೆ ಬೇಕು ಎಂದು ವಾಪಸ್ ಕೊಟ್ಟಳು.