ಎಂಬಿಬಿಎಸ್ ಫಸ್ಟ್ ಇಯರ್‌ನಲ್ಲಿ ಐಚ್ಛಿಕ ಕೋರ್ಸ್ ತಗೊಳ್ಳಬೇಕಾ? ನಾನು ಆರಿಸಿದ್ದು ಹೀಗೆ

"ಅನಾಟಮಿ ಒಂದನ್ನು ದಾಟು ಸಾಕು. ಬೇರೆ ಯಾವ ಕೋರ್ಸಿಗೂ ಹೆಸರು ಕೊಡಬೇಡ." ಹಾಸ್ಟೆಲ್‌ನಲ್ಲಿ ಸೀನಿಯರ್‌ಗಳೆಲ್ಲ ಹೇಳಿದ್ದು ಇದೇ. ನಾನು ಹೆಸರು ಕೊಟ್ಟೆ. ಅನಾಟಮಿ ಒಂದೇ ಸಲಕ್ಕೆ ಪಾಸಾಯಿತು, ಫಿಸಿಯಾಲಜಿಯಲ್ಲಿ ಡಿಸ್ಟಿಂಕ್ಷನ್ ಕೂಡ ಬಂತು. ಈಗ ಅದೇ ಸೀನಿಯರ್‌ಗಳು ಹೊಸ ಹುಡುಗರನ್ನು "ಅವನನ್ನೇ ಕೇಳ್ರೋ" ಅಂತ ನನ್ನ ರೂಮಿಗೆ ಕಳಿಸುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳಿ ಸಾಕಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ರಾಷ್ಟ್ರೀಯ ವೈದ್ಯಕೀಯ ಆಯೋಗದ (ಎನ್‌ಎಂಸಿ) ಎಲೆಕ್ಟಿವ್ ವಿಷಯ ಇದಲ್ಲ. 2019ರ ಪಠ್ಯಕ್ರಮದಲ್ಲಿ ಬಂದ ಆ ಎಲೆಕ್ಟಿವ್ ಥರ್ಡ್ ಇಯರ್ ಪಾರ್ಟ್ ಒನ್ ಆದಮೇಲೆ, ಅದು ಕಡ್ಡಾಯ. ಇಲ್ಲಿ ಹೇಳುತ್ತಿರುವುದು ಕಾಲೇಜು ತಾನೇ ಸಂಜೆ ಹೊತ್ತು ನಡೆಸುವ ವ್ಯಾಲ್ಯೂ ಆಡೆಡ್ ಕೋರ್ಸ್‌ಗಳ ಬಗ್ಗೆ. ನೋಟಿಸ್ ಬೋರ್ಡಿಗೆ ಚೀಟಿ ಬೀಳುತ್ತದೆ, ಅರ್ಧ ಬ್ಯಾಚ್ ಹೆದರಿ ಓಡುತ್ತದೆ, ಉಳಿದವರು ಸರ್ಟಿಫಿಕೇಟ್ ಆಸೆಗೆ ಎಲ್ಲಕ್ಕೂ ದುಡ್ಡು ಕಟ್ಟುತ್ತಾರೆ.

ಸರ್ಟಿಫಿಕೇಟ್ ವಿಷಯ ಅಪ್ಪನೂ ಕೇಳಿದ್ದರು: "ಇದು ಪಿಜಿ ಸೀಟಿಗೆ ಉಪಯೋಗ ಆಗುತ್ತೇನೋ?" ಇಲ್ಲ. ಪಿಜಿ ಸೀಟು ಸಿಗುವುದು ನೀಟ್ ಪಿಜಿ ರ‍್ಯಾಂಕ್ ಮೇಲೆ. ಇಂಥ ಕೋರ್ಸಿಗೆ ಅಲ್ಲಿ ಒಂದು ಅಂಕವೂ ಇಲ್ಲ. ನಮ್ಮ ಅತ್ತೆ ಮಗಳು ಅಮೆರಿಕದಲ್ಲಿ ಮೆಡಿಕಲ್ ಓದುತ್ತಿದ್ದಾಳೆ. ಅಲ್ಲಿ 2022ರಿಂದ ಡಾಕ್ಟರ್ ಲೈಸೆನ್ಸಿನ ಮೊದಲ ಹಂತವಾದ ಸ್ಟೆಪ್ ಒನ್ ಪರೀಕ್ಷೆಗೆ ಅಂಕ ಕೊಡದೆ ಬರೀ ಪಾಸ್, ಫೇಲ್ ಮಾಡಿದ್ದಾರೆ. ಹಾಗಾಗಿ ರೆಸಿಡೆನ್ಸಿ, ಅಂದರೆ ಅಲ್ಲಿನ ಪಿಜಿ ಅರ್ಜಿಯಲ್ಲಿ ಬೇರೆ ಏನೇನು ಮಾಡಿದ್ದೀಯ ಅನ್ನುವುದೂ ಲೆಕ್ಕಕ್ಕೆ ಬರುತ್ತದಂತೆ. ಅವಳ ಲೆಕ್ಕ ನಮಗೆ ನಡೆಯಲ್ಲ. ಸರ್ಟಿಫಿಕೇಟನ್ನು ತಲೆಯಿಂದ ತೆಗೆದ ಮೇಲೆ ನನಗೆ ಆರಿಸುವುದು ಸುಲಭವಾಯಿತು. ಆ ವಾರಗಳಲ್ಲಿ ನಾನು ಹೇಗೂ ಓದಬೇಕಾದ ಪಾಠವನ್ನೇ ಆ ಕೋರ್ಸ್ ಇನ್ನೊಂದು ಸಲ ತಿದ್ದಿಸುತ್ತದಾ? ಹೌದಾದರೆ ಸೇರುವುದು, ಇಲ್ಲದಿದ್ದರೆ ಬಿಡುವುದು.

ಇದು ಹೊಳೆಯುವ ಮೊದಲು ಸುಮಾರು ದುಡ್ಡು ಹೋಯಿತು. ರಿಸರ್ಚ್ ಮೆಥಡಾಲಜಿ ಕೋರ್ಸಿಗೆ ಸಾವಿರದೈನೂರರ ಆಸುಪಾಸು ಕಟ್ಟಿದ್ದೆ. ಸ್ಯಾಂಪಲ್ ಸೈಜ್, ಪಿ ವ್ಯಾಲ್ಯೂ ಎಲ್ಲ ಚೆನ್ನಾಗಿಯೇ ಹೇಳಿದರು. ಆದರೆ ಒಬ್ಬ ರೋಗಿಯನ್ನೂ ನೋಡದ ನನ್ನ ತಲೆಯಲ್ಲಿ ಒಂದು ಪ್ರಶ್ನೆಯೂ ಇರಲಿಲ್ಲ, ಸ್ಯಾಂಪಲ್ ಯಾತಕ್ಕೆ? ಅದೇ ಸಮಯದಲ್ಲಿ ಅನಾಟಮಿಯಲ್ಲಿ ಅಪ್ಪರ್ ಲಿಂಬ್ (ಕೈಯ ಭಾಗ) ಮುಗಿದಮೇಲಿನ ಟೆಸ್ಟು, ಪಾರ್ಟ್ ಕಂಪ್ಲೀಷನ್ ಬೇರೆ. ರಾತ್ರಿ ಅಸೈನ್‌ಮೆಂಟ್, ಬೆಳಿಗ್ಗೆ ಎಂಟರ ಬಯೋಕೆಮಿಸ್ಟ್ರಿ ಕ್ಲಾಸ್ ಬಂಕ್. ಥಿಯರಿಗೆ 75, ಪ್ರಾಕ್ಟಿಕಲ್‌ಗೆ 80 ಪರ್ಸೆಂಟ್ ಹಾಜರಿ ಬೇಕಲ್ವಾ? ನನ್ನದು ಎಪ್ಪತ್ತರ ಹತ್ತಿರ ಇಳಿದಿತ್ತು. ಕೋರ್ಸ್ ಬಿಟ್ಟೆ, ಫೀಸು ವಾಪಸ್ ಬರಲಿಲ್ಲ.

ಸೋನೋಗ್ರಫಿ (ಅಲ್ಟ್ರಾಸೌಂಡ್) ಪರಿಚಯ ಕೋರ್ಸಿನ ಕಥೆಯೂ ಅಷ್ಟೇ, ಎರಡು ಸಾವಿರ ಹೋಯಿತು. ಕೈಗೆ ಪ್ರೋಬ್, ಅಂದರೆ ಮೈಮೇಲೆ ಇಟ್ಟು ನೋಡುವ ಸಾಧನ, ಸಿಗುತ್ತದೆ ಅಂದುಕೊಂಡಿದ್ದೆವು. ಹತ್ತಾರು ಜನ ಒಂದು ಮಾನಿಟರ್ ಹಿಂದೆ ನಿಂತು ಲಿವರ್ ನೋಡಿ ಬಂದೆವು. ಅತ್ತೆ ಮಗಳು "ಜೇಬಿನಲ್ಲಿ ಇಡೋ ಪ್ರೋಬ್ ತಗೋ, ಫೋನಿಗೇ ಸಿಕ್ಕಿಸಬಹುದು" ಅಂದಳು. ಇಲ್ಲಿ ಅದು ಆಗದ ಮಾತು. ಭ್ರೂಣಲಿಂಗ ಪತ್ತೆ ತಡೆಯುವ 1994ರ ಪಿಸಿಪಿಎನ್‌ಡಿಟಿ ಕಾಯ್ದೆಯಲ್ಲಿ ನೋಂದಣಿ ಇಲ್ಲದವರಿಗೆ ಅಲ್ಟ್ರಾಸೌಂಡ್ ಮಷಿನ್ ಮಾರುವಂತೆಯೇ ಇಲ್ಲ.

ಗೆದ್ದದ್ದು ಹೃದಯದ ಬಡಿತವನ್ನು ಗೆರೆಯಾಗಿ ದಾಖಲಿಸುವ ಇಸಿಜಿಯ ಕೋರ್ಸ್. ಫೀಸು ಏಳೆಂಟುನೂರು ಇರಬೇಕು. ಒಂದು ವಾರದ ಸಂಜೆಗಳು, ಪಾಠ ಮಾಡಿದ್ದು ಮೆಡಿಸಿನ್ ಪಿಜಿ ಒಬ್ಬರು. ಫಿಸಿಯಾಲಜಿಯಲ್ಲಿ ಆಗ ನಡೆಯುತ್ತಿದ್ದದ್ದೂ ಹೃದಯವೇ. ಪೇಪರ್ ಸೆಕೆಂಡಿಗೆ 25 ಮಿಲಿಮೀಟರ್ ಓಡುತ್ತದೆ, ಹಾಗಾಗಿ ಸಣ್ಣ ಚೌಕ 0.04 ಸೆಕೆಂಡ್, ಪಿಆರ್ ಇಂಟರ್ವಲ್ (ಸಂಕೇತ ಹೃದಯದ ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ತಲುಪುವ ಹೊತ್ತು) ಮೂರರಿಂದ ಐದು ಚೌಕ. ಬೆಳಿಗ್ಗೆ ಬೋರ್ಡ್ ಮೇಲೆ ಬರೆದುಕೊಂಡದ್ದನ್ನು ಸಂಜೆ ಬೆರಳಿಟ್ಟು ಎಣಿಸುತ್ತಿದ್ದೆ. ಮತ್ತೆ ಕೂತು ಬಾಯಿಪಾಠ ಮಾಡುವ ಕೆಲಸವೇ ಬರಲಿಲ್ಲ.

ಕೋರ್ಸ್ ಮುಗಿದ ದಿನ ಆ ಪಿಜಿಯವರನ್ನು ಕಾಡಿ ನನ್ನ ರೂಮ್‌ಮೇಟ್‌ಗೆ ಒಂದು ಇಸಿಜಿ ತೆಗೆಸಿದೆ. ನಿಧಾನವಾಗಿ ಉಸಿರು ಎಳೆದಾಗ ಆರ್‌ಆರ್ ಅಂತರ, ಅಂದರೆ ಎರಡು ಬಡಿತಗಳ ನಡುವಿನ ಹೊತ್ತು, ಚಿಕ್ಕದಾಯಿತು, ಬಿಟ್ಟಾಗ ದೊಡ್ಡದಾಯಿತು. ವಯಸ್ಸಿನ ಹುಡುಗರಲ್ಲಿ ಇದು ಸಹಜವೇ. ಅವನು ಮಾತ್ರ ಹಾರ್ಟ್ ಕೆಟ್ಟಿದೆ ಅಂತ ಆ ರಾತ್ರಿ ಊಟ ಬಿಟ್ಟ! ವೈವಾದಲ್ಲಿ (ಮೌಖಿಕ ಪರೀಕ್ಷೆ) ಇದೇ, ಸೈನಸ್ ಅರಿದ್ಮಿಯಾ ಬಂತು, ಅವನ ಸ್ಟ್ರಿಪ್ಪನ್ನೇ ವಿವರಿಸಿದೆ. ಥರ್ಮಲ್ ಪೇಪರ್ ಮಾಸಿಹೋಗುತ್ತದೆ, ಅವತ್ತೇ ಜೆರಾಕ್ಸ್ ಮಾಡಿಸಿಕೊಳ್ಳಿ.

ಎಲ್ಲರೂ ನಕ್ಕದ್ದು ಕನ್ನಡ ಕೋರ್ಸಿಗೆ. ಅದು ಹೊರರಾಜ್ಯದ ಹುಡುಗರಿಗೆ ಅಂತ ಇಟ್ಟದ್ದು. ನಾನು ಹೇಳಿಕೊಡುವವನಾಗಿ ಸೇರಿಕೊಂಡೆ, ಫೀಸಿಲ್ಲ. "ಎಲ್ಲಿ ನೋವು, ಯಾವಾಗಿಂದ, ಊಟ ಸೇರುತ್ತಾ" ಅಂತ ಕೇಳಿಸುತ್ತಾ ಕೇಳಿಸುತ್ತಾ ನನಗೇ ಹಿಸ್ಟರಿ ತೆಗೆಯುವ ಕ್ರಮ ಬಂತು. ಹಳ್ಳಿಯ ಕುಟುಂಬಗಳ ಆರೋಗ್ಯ ಗಮನಿಸುವ ಫ್ಯಾಮಿಲಿ ಅಡಾಪ್ಶನ್‌ಗೆ ಹೋದಾಗ ಮನೆಯವರು ನಮ್ಮ ಗುಂಪನ್ನೇ ಕೂರಿಸಿಕೊಂಡು ಮಾತಾಡುತ್ತಿದ್ದರು. ಬದಲಿಗೆ ಜೈಪುರದ ಗೆಳೆಯ ನನಗೆ ಎಂಬ್ರಿಯಾಲಜಿ (ಭ್ರೂಣ ಬೆಳೆಯುವ ಪಾಠ) ಹೇಳಿಕೊಟ್ಟ. ಅದಕ್ಕೆ ಟ್ಯೂಷನ್ ಇಟ್ಟಿದ್ದರೆ ಎಷ್ಟಾಗುತ್ತಿತ್ತೋ.

ಹೃದಯ ನಿಂತವರ ಜೀವ ಉಳಿಸುವುದನ್ನು ಕಲಿಸುವ ಬಿಎಲ್‌ಎಸ್ ಮಾತ್ರ ಬೇಕಂತಲೇ ಬಿಟ್ಟೆ. ಒಳ್ಳೆಯ ಕೋರ್ಸೇ. ಆದರೆ ಮೂರು ಸಾವಿರಕ್ಕೂ ಜಾಸ್ತಿ, ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಕಾರ್ಡಿನ ಅವಧಿ ಎರಡು ವರ್ಷ. ಫಸ್ಟ್ ಇಯರ್‌ನಲ್ಲಿ ಮಾಡಿದರೆ ಇಂಟರ್ನ್‌ಶಿಪ್ ಹೊತ್ತಿಗೆ ಕಾರ್ಡ್ ಸತ್ತಿರುತ್ತದೆ. ನಿಮಿಷಕ್ಕೆ 100ರಿಂದ 120 ಸಲ ಎದೆ ಒತ್ತುವುದನ್ನು ಕಾಲೇಜು ಶುರುವಾದಾಗಿನ ಫೌಂಡೇಶನ್ ಕೋರ್ಸಿನಲ್ಲೇ ಬಿಟ್ಟಿಯಾಗಿ ಕಲಿಸಿದ್ದರು.

ಈಗ ನೋಟಿಸ್ ಬಿದ್ದ ತಕ್ಷಣ ನಾನು ಏನೂ ಮಾಡಲ್ಲ. ಮೊದಲ ಇಂಟರ್ನಲ್ಸ್ ಅಂಕ ಬರಲಿ. ಯಾವುದಾದರೂ ವಿಷಯದಲ್ಲಿ ಐವತ್ತು ಪರ್ಸೆಂಟ್ ಒಳಗಿದ್ದರೆ ಕೋರ್ಸಿನ ಮಾತೇ ಬೇಡ. ಆಮೇಲೆ ಕೋರ್ಸಿನ ದಿನಗಳನ್ನು ಟೈಮ್‌ಟೇಬಲ್ ಮೇಲೆ ಪೆನ್ಸಿಲ್‌ನಲ್ಲಿ ಬರೆಯುತ್ತೇನೆ. ಪಾರ್ಟ್ ಕಂಪ್ಲೀಷನ್ ವಾರ ಅಡ್ಡ ಬಂದರೆ ಅಲ್ಲಿಗೇ ಬಿಟ್ಟೆ. ದುಡ್ಡು ಕಟ್ಟುವ ಮೊದಲು ಒಂದು ಕ್ಲಾಸಿನಲ್ಲಿ ಸುಮ್ನೆ ಕೂತು ಬರುತ್ತೇನೆ. ಅದಕ್ಕೆ ಯಾರನ್ನು ಹಿಡಿಯಬೇಕು, ಏನಂತ ಕೇಳಬೇಕು ಅನ್ನುವುದು ನನ್ನ ಹತ್ತಿರವೇ ಇರಲಿ. ಎಲ್ಲರೂ ಹೋಗಿ ಕೇಳಿದರೆ ಆ ಬಾಗಿಲೂ ಮುಚ್ಚುತ್ತದೆ.

ಈ ವರ್ಷ ಫಾರ್ಮಕಾಲಜಿ ವಿಭಾಗದವರು ಔಷಧಿಗಳ ಅಡ್ಡಪರಿಣಾಮ ವರದಿ ಮಾಡುವ ಕೋರ್ಸ್ ಇಟ್ಟಿದ್ದಾರೆ. ಫೀಸಿಲ್ಲ, ಪಾಠಕ್ಕೂ ಹೊಂದುತ್ತದೆ. ಕೊನೆಯ ವಾರ ಇಂಟರ್ನಲ್ಸ್‌ಗೆ ತಾಗುತ್ತಿದೆ, ಹಾಗಾಗಿ ಹೆಸರು ಇನ್ನೂ ಕೊಟ್ಟಿಲ್ಲ.